ತೂಕದ ವಹಿ

ಜನತಾ ವಸಾಹತಿನ ಮೆಟ್ಟಿಲು ಹತ್ತಿ
ನಾನೇ ಹೋಗಿದ್ದೆ, ಕೈಯಲ್ಲಿ ಟ್ಯಾಬು.
ಪುಣೆಯಲ್ಲಿ ಕನ್ನಡ ಬರುವವಳೆಂದು
ಕಂಪನಿ ನನ್ನನ್ನೇ ಕಳಿಸಿತ್ತು, ಇಪ್ಪತ್ತೆರಡು ಪ್ರಶ್ನೆ ಕೊಟ್ಟು.
ಕೆಂಪು ಚುಕ್ಕಿಯ ಮನೆ ಖಾಲಿ ಬಿಟ್ಟರೆ
ಪುಟ ಮುಂದೆ ಸರಿಯುವುದಿಲ್ಲ.

ಸಾಬವ್ವ ಚೀಲ ಕೊಡವುತ್ತಿದ್ದಳು.
ಹೆಸರು ಹೇಳಿದಳು. ವಯಸ್ಸಿಗೆ ನಕ್ಕಳು.
ಯಾವ ಸೊಸೈಟಿ, ಎಷ್ಟು ಗಂಟೆಗೆ, ಯಾವ ಗಲ್ಲಿಯಿಂದ,
ರಟ್ಟು ಎಷ್ಟು, ಗಾಜು ಎಷ್ಟು, ಕೊಳ್ಳುವವನು ಯಾರು,
ಇಲ್ಲಿ ಹೆಬ್ಬೆಟ್ಟು ಒತ್ತು ಅಂದೆ.
ಹೆಬ್ಬೆಟ್ಟು ಸೆರಗಿನೊಳಗೆ ಹೋಯಿತು.

‘ಇದೆಲ್ಲಾ ಎಲ್ಲಿ ಹೋಗತೈತಿ?’
ಮೇಲೆ, ಅಂದೆ.
‘ಮ್ಯಾಲ ಅಂದ್ರ? ಪರ್ವತಿ ಗುಡಿಗೇನು?’

ಬರುವ ತಿಂಗಳು ಒಂದು ಲಾರಿ ಬರುವುದು ನನಗೆ ಗೊತ್ತಿತ್ತು,
ಅವಳಿಗಿಂತ ಅರ್ಧ ಗಂಟೆ ಮುಂಚೆ, ಅವಳೇ ಹೇಳಿದ ಗಲ್ಲಿಯಿಂದ.
ಅದು ಇಪ್ಪತ್ತಮೂರನೆಯದು.
ಫಾರ್ಮಿನಲ್ಲಿರಲಿಲ್ಲ.

‘ಕೇಳವ್ವಾ, ಮಂದಿ ಮನೀ ಕಸಾ ಎತ್ತಾಕತ್ತಿ ಇಪ್ಪತ್ತು ವರ್ಸ ಆತು.
ಯಾರಿಗೆ ಸಕ್ರಿ ಬ್ಯಾನಿ ಐತಿ, ಯಾವ ಸಾಹೇಬ್ರು
ಬಾಟ್ಲಿ ಪೇಪರನ್ಯಾಗ ಸುತ್ತಿ ಒಗೀತಾರ,
ಎರಡು ಗೆರಿ ಮೂಡಿದ ಕಡ್ಡಿ
ಬಾಳಿಹಣ್ಣಿನ ಸಿಪ್ಪಿ ಒಳಗ ಯಾರು ಮುಚ್ಚಿಟ್ರು,
ಎಲ್ಲಾ ಗೊತ್ತೈತಿ ನನಗ.
ಯಾರಿಗರೆ ಮಾರೀನೇನು?
ಕಿಲೋಕ್ಕ ಎಷ್ಟು ಬರತಿತ್ತು, ನೀನ ಹೇಳು.’

ಆಮೇಲೆ ಹಿಟ್ಟಿನ ಡಬ್ಬಿ ತೆರೆದು
ಉದ್ದನೆಯ ವಹಿ ತೆಗೆದಳು, ಜೋಳದ ವಾಸನೆ.
ಹದಿನೇಳು ಹೆಂಗಸರ ಆರು ವರ್ಷದ ತೂಕ,
ಮೆಹರಾಜಬಿಯ ಮಗಳ ಅಕ್ಷರದಲ್ಲಿ.
ಯಾವ ಅಂಗಡಿಯ ತಕ್ಕಡಿ ಎಷ್ಟು ಗ್ರಾಂ ಸುಳ್ಳು ಹೇಳುತ್ತದೆ,
ಅದಕ್ಕೂ ಒಂದು ಸಾಲು.
ಇದನ್ನು ತೋರಿಸಿಯೇ ಹೋದ ವರ್ಷ
ರಟ್ಟಿಗೆ ಎರಡು ರೂಪಾಯಿ ಏರಿಸಿಕೊಂಡರಂತೆ.

ನಾನು ಟ್ಯಾಬಿನ ಕ್ಯಾಮೆರಾ ಎತ್ತಿದೆ.
ವಹಿ ಮುಚ್ಚಿತು.

‘ಕುಂತು ಓದು, ಚಾ ಕುಡಿ.
ಒಟ್ಟು ಲೆಕ್ಕ ಬೇಕಾದ್ರ ಒಯ್ಯಿ.
ಹೆಸರು ಒಯ್ಯಬ್ಯಾಡ, ದಾರಿ ಒಯ್ಯಬ್ಯಾಡ.
ಉಳದದ್ದಕ್ಕ ಹದಿನೇಳು ಮಂದೀನೂ ಹೂಂ ಅನಬೇಕು,
ಐತವಾರ ಬಾ.
ಮತ್ತ, ಬ್ಯಾಡ ಅಂದ ದಿನ ಅಳಸಬೇಕು,
ನಮ್ಮ ಕಣ್ಣ ಮುಂದ.’

ವಹಿಯ ಕೊನೆಯ ಪುಟ ನನ್ನತ್ತ ತಿರುಗಿಸಿದಳು.
ಓದಲು ಬಂದವರ ಪಟ್ಟಿ: ಹೆಸರು, ಊರು,
ಅಪ್ಪನ ಹೆಸರು, ಯಾಕೆ ಬಂದೆ.
ನನಗಿಂತ ಮೊದಲು ನಾಲ್ಕೇ ಜನ.

ಬರೆದೆ. ‘ಯಾಕೆ ಬಂದೆ’ ಎಂಬಲ್ಲಿ ತುಸು ಹೊತ್ತು ನಿಂತೆ,
ಲಾರಿಯ ವಿಷಯ ಬರೆದೆ.
ಅಪ್ಪನ ಹೆಸರಿನ ಮನೆ ಖಾಲಿ ಬಿಟ್ಟೆ.

ಸಾಬವ್ವ ಬೆರಳಿಟ್ಟು ನೋಡಿದಳು, ಆ ಖಾಲಿಯನ್ನೂ.
ಏನೂ ಕೇಳದೆ
ಪುಟ ತಿರುಗಿಸಿದಳು.