ಹಳತು ಮಾಡುವ ಕ್ರಮ

ಮೊದಲು ಸಂಕೋಲೆ.
ಸೈಕಲ್ ಚೈನು ಸಾಲದು, ದನ ಕಟ್ಟುವುದೇ ಆಗಬೇಕು.
ಹಲಗೆ ಮಲಗಿಸಿ ಬಡಿಯುವಾಗ ಲೆಕ್ಕ ಇಡಬಾರದು,
ಲೆಕ್ಕದ ಪೆಟ್ಟು ನೋಡಿದವನಿಗೆ ತಿಳಿದುಬಿಡುತ್ತದೆ.
ಆಮೇಲೆ ಮೊಳೆ, ಹುಳ ತಿಂದ ತೂತಿಗೆ.
ಹುಳ ಸಾಲು ಹಿಡಿದು ತಿನ್ನುವುದಿಲ್ಲ.

ಅಪ್ಪ ಬದುಕಿಡೀ ಮಾಡಿದ್ದು ಮುಚ್ಚುವ ಕೆಲಸ.
ಗಂಟನ್ನು ಗೋಡೆಯ ಕಡೆಗೆ ತಿರುಗಿಸುವುದು,
ಬಿರುಕಿಗೆ ಅರಗು, ಮರದ ಹುಡಿ, ಉಗುರಿನಿಂದ ಸವರಿ
ಬೆಳಕಿಗೆ ಹಿಡಿದು, "ಕಾಣುತ್ತದಾ?" ಎಂದು ನನ್ನನ್ನು ಕೇಳುವುದು.
ಕಾಣುವುದಿಲ್ಲ ಅಂದರೆ ಮಾತ್ರ ಚಹಾ.

ಈಗ ಕಾಣಬೇಕು.
ಚೆಮ್ನಾಡಿನ ಶಹನಾಸ್, ಕಲ್ಲಿಕೋಟೆಯಲ್ಲಿ ಒಳಾಂಗಣ ಕಲಿತವಳು,
ಮೊಗ್ರಾಲಿನ ಹೊಳೆಬದಿಯ ಹೊಸ ಕೆಫೆಗೆ
ಗಾರೆ ಬಳಿಯದ ಗೋಡೆ, ಬರಿ ವಯರಿಗೆ ಜೋತ ಬಲ್ಬು,
ನಡುವೆ ಹತ್ತಡಿಯ ಮೇಜು: ಒಡೆದ ದೋಣಿಯದ್ದು.
"ಈಗ ಇದೇ ನಡೆಯುವುದು, ಆಚಾರಿ."

ದೋಣಿ ಎಲ್ಲಿದೆ? ಕೊಯಿಪಾಡಿಯಲ್ಲಿ ಎಲ್ಲ ಫೈಬರು.
ಹೆಬ್ಬಲಸಿನವು ಲಾರಿ ಹತ್ತಿ ಕೊಚ್ಚಿಗೆ ಹೋಗಿ
ಯಾರದೋ ಹಾಲಿನಲ್ಲಿ ಕಪಾಟಾಗಿ ನಿಂತಿವೆ.
ಸಿಕ್ಕಿದ್ದು ಬದಿಯಡ್ಕದ ರಬ್ಬರ್ ಮರ,
ಹಾಲು ಬತ್ತಿದ ಮೇಲೆ ಕಡಿದದ್ದು,
ಕಡಲಿನ ಗಾಳಿ ಸಹ ಕುಡಿದದ್ದಲ್ಲ.

ಪಳಯದು ಆಗಬೇಕು, ಅಂದಳು.
ಅವಳ ಪಳಯದು, ನನ್ನ ಹಳೆಯದು.
ನಡುವೆ ಸವೆದದ್ದು ಒಂದು ಪಕಾರ.
ಅದೊಂದು ಸವೆಯಲು ಎಷ್ಟು ಬಾಯಿ, ಎಷ್ಟು ನೂರು ವರ್ಷ ಬೇಕಾಯಿತೋ.
ನನಗೆ ಕೊಟ್ಟದ್ದು ಹನ್ನೊಂದು ದಿನ.

ಅಂಚಿಗೆ ತೂತು ಕೊರೆದು ತೆಂಗಿನ ನಾರು ಹೊಲಿದೆ.
ಚಹಾದ ಕಷಾಯ, ಸುರ್ಕ, ತುಕ್ಕಿನ ನೀರು, ಗೇರೆಣ್ಣೆ.
ಹಸಿರು ಬಳಿದು, ಅದರ ಮೇಲೆ ನೀಲಿ, ಮೇಲೆ ಕೆಂಪು,
ಮತ್ತೆ ಮರಳುಕಾಗದ ಹಿಡಿದು ಕೂತೆ.
ಎಲ್ಲಿ ಉಜ್ಜಲಿ?
ಬಲೆಯ ಹಗ್ಗ ಎಲ್ಲಿ ತಿಕ್ಕೀತು, ಹುಟ್ಟು ಹಾಕುವವನ ತೊಡೆ ಎಲ್ಲಿ?
ಜನವಿಲ್ಲದೆ ದೋಣಿ ಸವೆಯುವುದಿಲ್ಲ.
ಹಾಗಾಗಿ ನಾಲ್ವರನ್ನು ಹತ್ತಿಸಿದೆ.
ಒಬ್ಬನನ್ನು ಎಡಚನನ್ನಾಗಿ ಮಾಡಿದೆ,
ಎಡಗಡೆ ಬಣ್ಣ ಹೆಚ್ಚು ಹೋಗಿಬಿಟ್ಟಿತ್ತು, ಅದಕ್ಕೆ.
ಹೆಸರಿನಲ್ಲಿ ಉಳಿಸಿದ್ದು 'ಸಾದ' ಎಂಬಷ್ಟು.
ಯಾರ ಪ್ರಸಾದವೋ ನನಗೂ ಗೊತ್ತಿಲ್ಲ.

ಮೇಜು ಇಳಿಸಿದ ದಿನ
ಬೂತಾಯಿಯ ಬುಟ್ಟಿ ಹೊತ್ತು ಬಂದ ದೂಮಪ್ಪ ಪುತ್ರನ್
ಬಾಗಿಲಲ್ಲೇ ನಿಂತ.
ಬುಟ್ಟಿ ಇಳಿಸಿದ. ಕೈ ಲುಂಗಿಗೆ ಒರೆಸಿದ.
ಅಂಚಿನ ಕೆಳಗೆ, ಹೊಲಿಗೆಯ ಉದ್ದಕ್ಕೆ,
ಬೆರಳು ಆಡಿಸುತ್ತಾ ಮೂಲೆಯವರೆಗೆ ಹೋದ.
"ಇದು ಅಂಗಾರಣ್ಣನ ದೋಣಿಯದ್ದಲ್ವಾ ಮಾರಾಯ?"

ನನ್ನ ಬಾಯಲ್ಲಿ ನಾಲ್ಕು ಸ್ಕ್ರೂ ಇದ್ದವು.
ಮಾತಾಡದಿರಲು ಅಷ್ಟು ಸಾಕು.

"ಇಲ್ಲಿ ಕೊಗ್ಗು ಕೂರುತ್ತಿದ್ದ. ಎಡಚ.
ನೋಡು, ಹೇಗೆ ತಿಂದಿದ್ದಾನೆ ಬಣ್ಣವನ್ನು.
ಅಳಿವೆಯ ಬಾಯಲ್ಲಿ ಅಲೆ ಎದ್ದರೆ
ಬೈಗಳೂ ಅವನದ್ದೇ, ಪಾಡ್ದನವೂ ಅವನದ್ದೇ.
ಮಸ್ಕತ್ತಿಗೆ ಹೋದ. ಎರಡು ಕಾಗದ ಬಂತು. ಮತ್ತೆ ಇಲ್ಲ."
ಅಂಗೈಯನ್ನು ಅಲ್ಲೇ ಇಟ್ಟುಕೊಂಡು ಸುಮ್ಮನಾದ,
ನಾನು ಮೂರು ರಾತ್ರಿ ಉಜ್ಜಿದ ಜಾಗದಲ್ಲಿ.

ಶಹನಾಸ್ ನನ್ನನ್ನು ನೋಡಿದಳು. ನಾನು ಅವಳನ್ನು.
ರಬ್ಬರ್ ಮರದ ರಶೀದಿ ಅವಳ ಚೀಲದಲ್ಲೇ ಇತ್ತು.
ಮೊಬೈಲು ತೆಗೆದವಳು, ಯಾಕೋ, ಮತ್ತೆ ಒಳಗಿಟ್ಟಳು.
ಮೀನಿಗೆ ಎಷ್ಟು, ಎಂದು ಕೇಳಿ
ಚೌಕಾಸಿ ಮಾಡದೆ ಕೊಟ್ಟಳು.

ಇನ್ನು ಆರು ಕುರ್ಚಿ ಬೇಕಂತೆ, ಅದೇ ದೋಣಿಯವು.
ಸಂಕೋಲೆ ಮೊಳೆಗೆ ತೂಗಿದೆ, ಹಲಗೆ ಬಂದಿದೆ.
ಕೊಗ್ಗುವಿನ ಎತ್ತರ ಎಷ್ಟಿತ್ತೆಂದು
ನಾಳೆ ಕಡಪುರಕ್ಕೆ ಹೋಗಿ
ದೂಮಪ್ಪನಲ್ಲಿ ಕೇಳಬೇಕು.