ಸಾವಿರದ ನಾನೂರ ಇಪ್ಪತ್ತು

ಟೋರ್ಸ್‌ಹಾವ್ನ್. ಬೆಳಗಿನ ಜಾವ ಮೂರೂವರೆ.
ದಕ್ಷಿಣದ ದ್ವೀಪದ ಆಸ್ಪತ್ರೆಯಿಂದ ಹೊರಟ ಎಕ್ಸ್‌ರೇ
ಕಡಲಡಿ ಎಲ್ಲೋ ಸಿಕ್ಕಿಕೊಂಡಿದೆ.
'ಇದ್ದೀಯಾ' ಹೋಗುತ್ತದೆ, 'ಇದ್ದೇನೆ' ಬರುತ್ತದೆ.
ಚಿಕ್ಕ ಮಾತಿಗೆಲ್ಲ ದಾರಿ ಬಿಡುವ ಸುರಂಗಕ್ಕೆ
ಮುದುಕಿಯ ಸೊಂಟದ ಚಿತ್ರ ಮಾತ್ರ ಹಿಡಿಸುತ್ತಿಲ್ಲ.

ನಡುದಾರಿಯ ರೌಟರ್ ಸುಮ್ಮನಿಲ್ಲ, ಎನ್ನುತ್ತಾಳೆ ರನ್ವಾ,
ಲಾಗಿನ ಮೇಲೆ ಬೆರಳಿಟ್ಟು.
ಬಾಯಿಬಿಟ್ಟು ಹೇಳಿದೆ ನೋಡು, ಹನ್ನೊಂದು ಸಲ:
ದೊಡ್ಡದಾಯಿತು,
ಸಾವಿರದ ನಾನೂರ ಇಪ್ಪತ್ತಕ್ಕೆ ಇಳಿಸು.
ಕರ್ನಲ್ ಕೇಳಿಸಿಕೊಂಡಿದೆ ಕೂಡ,
ಹೊಸ ಚೀಟಿಯಲ್ಲಿ ಬರೆದಿಟ್ಟಿದೆ
ಹತ್ತು ನಿಮಿಷದ ಆಯುಸ್ಸು ಕೊಟ್ಟು.
ಸಾಕೆಟ್ಟು ಹಳೇ ಚೀಟಿಯನ್ನೇ
ಮುಷ್ಟಿಯಲ್ಲಿ ಹಿಡಿದು ಕೂತಿದೆ:
ಸಾವಿರದೈನೂರು, ಸಾವಿರದೈನೂರು.

ಅವಳ ಸೋದರಮಾವ ಹೈನಿ ಹೀಗೇ
ಉಣ್ಣೆ ಹೇರಿದ ಲಾರಿಯನ್ನೊಮ್ಮೆ
ಹಳೆಯ ಒಂಟಿದಾರಿ ಸುರಂಗಕ್ಕೆ ನುಗ್ಗಿಸಿದ್ದ.
ಬಾಯಲ್ಲಿ ಎತ್ತರದ ಫಲಕ ಬದಲಾಗಿತ್ತು,
ಅವನು ನೋಡುತ್ತಿದ್ದದ್ದು ಜೇಬಿನ ನಕ್ಷೆ.
ಬಂಡೆ ಟಾರ್ಪಾಲು ಸೀಳಿ ತನ್ನ ಪಾಲು ಇಟ್ಟುಕೊಂಡಿತು.
ಇಂದಿಗೂ ಅಲ್ಲೊಂದು ನೀಲಿ ಚಿಂದಿ ನೇತಾಡುತ್ತದೆ.

ತಿದ್ದುಪಡಿ ನಾಲ್ಕೇ ಸಾಲು.
ಹೊಸದು ಬರೆದೊಡನೆ ಹಳೆಯದರ ಹಣೆಗೆ
ಸವಕಲು ಎಂದೊಂದು ಮುದ್ರೆ.
ಹಿಡಿದವನು ಮುಂದಿನ ಸಲ ತಾನೇ ಬಂದು
ದಾರಿ ಕೇಳಲಿ.

ನಾಲ್ಕೂ ಇಪ್ಪತ್ತಕ್ಕೆ ಚಿತ್ರ
ತುಂಡು ತುಂಡಾಗಿ ಬಂದು ಕೂಡಿಕೊಂಡಿತು.
ಮೂಳೆ ಎರಡಾಗಿಯೇ ಇತ್ತು.

ಹತ್ತು ನಿಮಿಷ ಕಳೆಯಿತು. ಕರ್ನಲ್ ಎಲ್ಲ ಮರೆತು
ಮತ್ತೆ ದೊಡ್ಡದೊಂದನ್ನು ಸುರಂಗಕ್ಕೆ ಬಿಟ್ಟಿತು.
ತಣ್ಣಗಾದ ಕಾಫಿ ಕುಡಿಯುತ್ತ ರನ್ವಾ ನೋಡಿದಳು,
ಬೈಯಲಿಲ್ಲ.
ಯಾರು ಕಂಡರು,
ಈ ನಡುವೆ ಯಾರಾದರೂ ಅಗೆದಿದ್ದರೆ.