ಕೊಳೆಯ ಲೆಕ್ಕ

ಹೊರಗಿನಿಂದ ನೋಡಿದವರಿಗೆ ಏನು ಕಂಡಿತು?
ಹೊಬೋಕನ್ನಿನ ಐದನೇ ಬೀದಿಯ ತುದಿಗೆ
ಮನೆಗಳ ತಲೆ ಮೇಲೆ ಎದ್ದು ನಿಂತ
ಒಂದು ಹಳದಿ ಹೊಗೆಗೊಳವೆ, ಬಾವುಟ, ಬ್ಯಾಂಡು.
ನಾನು ಕಂಡದ್ದು ಹಡಗಿನ ಮೈಲಿಗೆ.

ಡಿಟ್ಮರನ ಲಾಂಡ್ರಿ, ನೆಲಮಾಳಿಗೆ, ಮೂವತ್ತೆಂಟನೇ ಇಸವಿ.
ನನಗೆ ಹದಿನೇಳು. ಹೆಸರು ನುನ್ಸಿಯಾಟ.
ಅವನು ನುನ್ಸಿ ಎಂದು ಕರೆದು
ಅರ್ಧ ಹೆಸರಿಗೆ ಅರ್ಧ ಕೂಲಿ ಕೊಡುತ್ತಿದ್ದ.
ಹಡಗು ಬಂದ ಸಂಜೆ ಲಾರಿ ತುಂಬ ಗಂಟು:
ನಾಲ್ಕು ಸಾವಿರ ನ್ಯಾಪ್ಕಿನ್, ಒಂಬೈನೂರು ಮೇಜುಬಟ್ಟೆ,
ಒಂದೊಂದರ ಮೂಲೆಗೂ ನೀಲಿ ದಾರದ ಎಚ್.
ಹೊಬೋಕನ್ನಿನ ಎಚ್! ನಮ್ಮೂರಿಗೆ ಎಂಥ ಮರ್ಯಾದೆ
ಎಂದು ಒಂದು ತಿಂಗಳು ಹಿಗ್ಗಿದೆ.
ಹಾರ್ಲಿಂಗನ್, ಅದು ಹಡಗಿನ ಹೆಸರು,
ಹಾಲೆಂಡಿನಲ್ಲೊಂದು ಬಂದರು, ಮಂಕೇ,
ಎಂದ ಡಿಟ್ಮರ್, ಪೈಪು ಕಚ್ಚಿಕೊಂಡೇ.

ಮೊದಲ ದರ್ಜೆಯ ಕೊಳೆ ಸುಲಭ:
ತುಟಿಯ ಕೆಂಪು, ವೈನು, ಏಡಿಯ ಬೆಣ್ಣೆ.
ಉಪ್ಪು, ಬಿಸಿನೀರು, ಸ್ವಲ್ಪ ಬೈಗುಳ, ಹೋಗುತ್ತದೆ.
ಮೂರನೇ ದರ್ಜೆಯ ಹಾಸಿಗೆಯ ಗಂಟಿನಲ್ಲಿ
ಮೂವತ್ತೊಂಬತ್ತರಲ್ಲಿ ಯಾರದೋ ಲಂಗ ಸೇರಿಕೊಂಡಿತ್ತು:
ಅಂಚಿನೊಳಗೆ ಹೊಲಿದ ಕಳ್ಳಜೇಬು,
ಒಡವೆಯ ಆಕಾರಕ್ಕೆ ಉಬ್ಬಿ, ಖಾಲಿ.
ಒಗೆದೆ, ಇಸ್ತ್ರಿ ಹಾಕಿದೆ.
ಕೇಳಿಕೊಂಡು ಯಾರೂ ಬರಲಿಲ್ಲ.

ಮರುವರ್ಷ ಮೇ ತಿಂಗಳು, ಹಡಗಿಗೆ ತೌರು ಇಲ್ಲವಾಯಿತು.
ಕೊಳವೆಗೆ ಬೂದಿ ಬಣ್ಣ ಬಳಿದರು, ಹೆಸರಿನ ಮೇಲೂ ಬೂದಿ.
ರಾತ್ರಿ ಬರುವುದು, ರಾತ್ರಿಯೇ ಹೋಗುವುದು.
ಬಂದದ್ದು ತಿಳಿಯುತ್ತಿದ್ದದ್ದು ವಾಸನೆಯಿಂದ:
ಕಂಬಳಿ, ಕಂಬಳಿ, ವಾಂತಿ, ಹುಡುಗರ ಬೆವರು,
ನೂರು ಜನ ಮಲಗುವಲ್ಲಿ ಆರುನೂರು.
ದಿಂಬಿನ ಚೀಲದಲ್ಲಿ ಒಮ್ಮೆ ಇಸ್ಪೀಟಿನ ರಾಣಿ,
ಒಮ್ಮೆ ಒಂದು ಹಲ್ಲು.
ಮಡಿ ಮಾಡಿ ಮಡಿಸಿ ಕಳಿಸಿದೆ.
ಮಡಿದವರೆಷ್ಟು,
ಆ ಲೆಕ್ಕ ಲಾಂಡ್ರಿಗೆ ಬರುವುದಿಲ್ಲ.

ನಲವತ್ತಾರಕ್ಕೆ, ಅಯ್ಯೋ, ಡೈಪರು!
ಸಿಪಾಯಿಗಳನ್ನು ಕಟ್ಟಿಕೊಂಡ ಇಂಗ್ಲೆಂಡಿನ ಹುಡುಗಿಯರು
ಕೂಸಿನ ಜೊತೆ ತಾವೂ ಅತ್ತು ಬಂದ ಗುರುತು,
ದಿಂಬಿನ ಮೇಲೆ ಕಣ್ಣಿನ ಕಪ್ಪು.
ಬೆರಳು ಬೊಬ್ಬೆ ಬಂದರೂ ಆ ವರ್ಷ
ಹಾಡಿಕೊಂಡು ಒಗೆದೆವು.

ಐವತ್ಮೂರರ ನೆರೆ ಕಳೆದ ಮೇಲೆ ಬಂದವರ ಹಾಸಿಗೆಯಲ್ಲಿ ಮಣ್ಣು,
ಬೂದುಗಪ್ಪು, ನಾಲಿಗೆಗೆ ಉಪ್ಪು. (ಹೌದು, ನೆಕ್ಕಿ ನೋಡಿದೆ.)
ಮುಳುಗಿದ ಹೊಲವನ್ನು ಉಗುರಲ್ಲಿಟ್ಟುಕೊಂಡು
ಸಮುದ್ರ ದಾಟಿದ್ದರು.
ಮೂರು ನೀರಿಗೂ ಬಿಡಲಿಲ್ಲ ಅದು.

ಆಮೇಲೆ ನೆತ್ತಿಯ ಮೇಲೆ ವಿಮಾನ.
ಗಂಟು ಬರಬರುತ್ತ ಬಡವಾಯಿತು.
ಕಾಗದದ ನ್ಯಾಪ್ಕಿನ್ ಬಂತು; ಕಾಗದ ಯಾರು ಒಗೆಯುತ್ತಾರೆ?
ಕಂಪನಿ ನದಿ ದಾಟಿ ಮ್ಯಾನ್‌ಹಟನ್ನಿಗೆ ಹೋಯಿತು,
ಡಿಟ್ಮರನ ಮಗ ಬಾಗಿಲೆಳೆದ.
ಹಡಗನ್ನು ಗ್ರೀಕನೊಬ್ಬ ಕೊಂಡನಂತೆ,
ಬೇರೆ ಹೆಸರಿಟ್ಟನಂತೆ,
ತೈವಾನಿನ ದಡದಲ್ಲಿ ಕಡಿದು ತೂಕಕ್ಕೆ ಹಾಕಿದರಂತೆ.
ಎಲ್ಲ ಅಂತೆ. ಇಪ್ಪತ್ತೈದು ವರ್ಷ ಒಗೆದವಳು
ಒಂದು ದಿನ ಅದರೊಳಗೆ ಕಾಲಿಟ್ಟವಳಲ್ಲ.

ಕದ್ದದ್ದು ಒಂದೇ, ಹೇಳಿಬಿಡುತ್ತೇನೆ:
ಕೊನೆಯ ಗಂಟಿನಿಂದ ಒಂದು ನ್ಯಾಪ್ಕಿನ್.
ಭಾನುವಾರ ಹಿಟ್ಟು ನಾದಿ ಅದನ್ನು ಹೊದೆಸುತ್ತೇನೆ.
ನೀಲಿ ಮಾಸಿದೆ. ಎಚ್ ಹಾಗೇ ಇದೆ:
ಎರಡು ಕಟ್ಟೆ, ನಡುವೆ ಒಂದು ಹಲಗೆ.
ಹಿಟ್ಟು ಉಬ್ಬಿದಂತೆ ಹಲಗೆ ಮೆಲ್ಲಗೆ ಏಳುತ್ತದೆ,
ಉಬ್ಬರಕ್ಕೆ ಏಳುವ ಹಾಗೆ.
ಈ ಕಡೆಯ ಕಟ್ಟೆಯಲ್ಲಿ ನಾನು,
ಕೈಯೆಲ್ಲ ಹಿಟ್ಟು.